ಮಾಹಿತಿದಾರೆ ಏಳು

"ಕೂತ್ಕೊಳಪ್ಪ. ನಾಲ್ಕನೇ ಅಧ್ಯಾಯ ನಿನ್ನೆ ಮುಗಿಸ್ದೆ," ಎಂದು ಶೈಲಜಮ್ಮ ಹಾಳೆಗಳ ಕಟ್ಟನ್ನು ಮೇಜಿನ ಮೇಲಿಟ್ಟಾಗಲೇ ವಾದಿರಾಜನಿಗೆ ತಾನು ಮಾಡಿದ ಎಡವಟ್ಟು ಹೊಳೆದದ್ದು.

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದ ಹಿರಿಯರು ಪಿಎಚ್‌ಡಿ ಮಾಡಿ ನೋಡು ಎನ್ನುವುದನ್ನು ಮರೆತಿದ್ದರು. ವಾದಿರಾಜ ಆರು ವರ್ಷದಿಂದ ಡಿಜಿಟಲ್ ಮಾಧ್ಯಮದಲ್ಲಿ ಸಂಶೋಧನೆ ಮಾಡುತ್ತಿದ್ದ. ವಿಷಯ, ವಯಸ್ಸಾದವರು ವಾಟ್ಸ್ಆ್ಯಪ್ ಬಳಸುವ ಬಗೆ. ಬಸವನಗುಡಿಯ ಹದಿನೈದು ಮನೆಗಳಲ್ಲಿ ಕಾಫಿ ಕುಡಿದು, ಅವರವರ ಫೋನು ನೋಡಿ ಬರೆದುಕೊಂಡು ಬಂದಿದ್ದ. ಹೈಸ್ಕೂಲಿನಲ್ಲಿ ಅವನಿಗೆ ಇಂಗ್ಲಿಷ್ ಕಲಿಸಿದ್ದ ಶೈಲಜಮ್ಮನೂ ಎರಡು ವರ್ಷದ ಹಿಂದೆ ಫೋನನ್ನು ಅವನ ಕೈಗಿತ್ತು, "ಏನ್ ಬೇಕಾದ್ರೂ ನೋಡ್ಕೋ" ಎಂದಿದ್ದರು. ಪದ್ಧತಿಯಂತೆ ಪ್ರಬಂಧದಲ್ಲಿ ಹೆಸರು ತೆಗೆದು ಎಲ್ಲರಿಗೂ ಒಂದೊಂದು ಸಂಖ್ಯೆ ಕೊಟ್ಟ. ಸಂಖ್ಯೆ ಕೊಟ್ಟ ಮೇಲೆ ಮನುಷ್ಯರನ್ನೇ ಮರೆತ. ಸೋಮವಾರ ಅವೆನ್ಯೂ ರಸ್ತೆಯಲ್ಲಿ ಬೈಂಡಿಂಗಿಗೆ ಕೊಡುವ ಮೊದಲು ಇಂಗ್ಲಿಷ್ ತಿದ್ದಿಸೋಣವೆಂದು ಅವನು ಕಟ್ಟನ್ನು ತಂದುಕೊಟ್ಟದ್ದು ಮಾಹಿತಿದಾರೆ ಏಳರ ಕೈಗೇ.

ಪುಟ ತಿರುಗಿಸಿದ. ಅವನೇ ಬರೆದದ್ದು: 'ಅರವತ್ತೊಂಬತ್ತರ ವಿಧವೆ. ದಿನವೂ ಬೆಳಗ್ಗೆ ಐದೂವರೆಗೆ ನಲವತ್ತೊಂದು ಜನರಿಗೆ ಹೂವಿನ ಚಿತ್ರದ ಶುಭೋದಯ ಕಳಿಸುತ್ತಾರೆ. ಮೂವತ್ತೆಂಟು ಜನ ಉತ್ತರಿಸುವುದಿಲ್ಲ. ಟಿಕ್ ಗುರುತು ನೀಲಿಯಾಗುವುದನ್ನು ಕಾಯುತ್ತ ಕೂರುವುದೇ ಇವರ ಸಾಮಾಜಿಕ ಜೀವನ.' ಆ ಕೊನೆಯ ವಾಕ್ಯವನ್ನು ಗೈಡು ಮೆಚ್ಚಿದ್ದರು, ಇವನೂ ಬೀಗಿದ್ದ. ಶೈಲಜಮ್ಮ ಅಲ್ಲಿ ಕೆಂಪು ಪೆನ್ನಿನಿಂದ ಒಂದು ಅಲ್ಪವಿರಾಮ ಹಾಕಿದ್ದರು, ಅಷ್ಟೇ.

"ಮಿಸ್, ಇದು..."

"ಸರಿಯಾಗೇ ಬರ್ದಿದೀಯ. ನಾನೂ ಎಣಿಸ್ದೆ, ಮೂವತ್ತೆಂಟೇ." ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು. "ಒಂದು ಕೇಳ್ಲಾ? ಆ ಮೂವತ್ತೆಂಟರಲ್ಲಿ ನೀನೂ ಇದೀಯಾ?"

ಅವರ ಸಂದೇಶಗಳನ್ನು ಅವನು ಮ್ಯೂಟ್ ಮಾಡಿ ಎಷ್ಟೋ ಕಾಲವಾಗಿತ್ತು. ಅವರ ಫೋನಿನಲ್ಲಿ ಎಣಿಸುತ್ತಿದ್ದಾಗ ತನ್ನ ಹೆಸರೂ ಬಂದಿತ್ತು. ಒಂದು ಎಂದು ಸೇರಿಸಿ ಮುಂದೆ ಹೋಗಿದ್ದ.

"ಇದೀನಿ ಮಿಸ್."

"ಹಾಗಾದ್ರೆ ಅದನ್ನೂ ಬರೀಬೇಕಿತ್ತಲ್ವೇನಪ್ಪ."

ದನಿಯಲ್ಲಿ ಕೋಪವಿರಲಿಲ್ಲ. ಹೋಂವರ್ಕ್ ತರದ ಹುಡುಗನಿಗೆ ಹೇಳುತ್ತಿದ್ದ ಅದೇ ದನಿ. ನಾಚಿಕೆಯಿಂದ ಅವನಿಗೆ ತಲೆ ಎತ್ತಲಾಗಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

"ಆ ಪುಟಾನೇ ತೆಗೆದ್ಬಿಡ್ತೀನಿ ಮಿಸ್."

"ಬೇಡ. ನಾನೇ ಒಪ್ಪಿ ಫೋನ್ ಕೊಟ್ಟಿದ್ದು ತಾನೆ? ಇರು, ಕಾಫಿ ತರ್ತೀನಿ."

ಬೇಡವೆನ್ನುವ ಮುಖವೂ ಉಳಿದಿರಲಿಲ್ಲ. ಕುಡಿದ.

ಮನೆಗೆ ಬಂದು ಕೊನೆಯ ವಾಕ್ಯವನ್ನು ಹೊಡೆದುಹಾಕಿ, 'ಉತ್ತರಿಸದವರಲ್ಲಿ ಈ ಸಂಶೋಧಕನೂ ಒಬ್ಬ' ಎಂದು ಸೇರಿಸಿದ. ಅವರ ಮ್ಯೂಟ್ ತೆಗೆದ.

ಮರುದಿನ ಐದೂವರೆಗೆ ಎದ್ದು ಫೋನು ಹಿಡಿದು ಕೂತ. ಹೂವು ಬರಲಿಲ್ಲ. ಆರು ಗಂಟೆಗೆ ತಾನೇ 'ಶುಭೋದಯ ಮಿಸ್' ಎಂದು ಕಳಿಸಿದ. ಎರಡು ಟಿಕ್ ಬಿದ್ದವು. ಹಾಲಿನವನು ಬಂದುಹೋದ, ಅಮ್ಮ ತಿಂಡಿಗೆ ಎರಡು ಸಲ ಕರೆದಳು. ಟಿಕ್ ಗುರುತುಗಳು ಇನ್ನೂ ಬೂದು ಬಣ್ಣದಲ್ಲೇ ಇದ್ದವು. ಅವನು ಕೂತೇ ಇದ್ದ.