ಮೆಕ್ಕಲಿನ ಮೇಲಣ ಹಸಿರು

ಹಳ್ಳದ ದಂಡೆಯಲ್ಲಿ ಅತ್ತೆ ಚಂಪಾಬಾಯಿ ಕಳೆ ತೆಗೆಯುವ ಖುರ್ಪಿ ಹಿಡಿದು ಹಸಿರು ಹಾವಸೆ ಕೆರೆಯುತ್ತಿದ್ದಳು. ಸೊಸೆ ಸುಮನಬಾಯಿ ಅದನ್ನು ಬುಟ್ಟಿಗೆ ತುಂಬುತ್ತಿದ್ದಳು. ಕೆರೆದ ಜಾಗಕ್ಕೆ ಅತ್ತೆ ನೀರು ಚಿಮುಕಿಸಿ, ವಿಭೂತಿ ಎಳೆದು, ಬಿಲ್ವಪತ್ರೆ ಇಟ್ಟಳು.

ಅದು ಸುಮನಬಾಯಿಯ ಮಗನ ಸಮಾಧಿ. ನಿಜಾಮನ ಸೀಮೆಯಲ್ಲಿ ಪೊಲೀಸ್ ಆಕ್ಷನ್ ಆದ ವರ್ಷ ಕೂಸು ಜ್ವರ ಬಂದು ತೀರಿಕೊಂಡಾಗ ಗಲಭೆಗೆ ಹೆದರಿ ಯೆಣೆಗೂರಿನ ದಾರಿಯಲ್ಲಿ ಜನ ಓಡಾಡುತ್ತಿರಲಿಲ್ಲ. ಆ ದಾರಿಯ ರುದ್ರಭೂಮಿಯವರೆಗೆ ಹೋಗಲಾಗದೆ, ಹೊಲದಂಚಿನ ಹಳ್ಳದ ಮೆಕ್ಕಲಿನಲ್ಲೇ ಮಣ್ಣು ಮಾಡಿ ಗುರುತಿಗೆ ಕಲ್ಲಿಟ್ಟರು. ಮಳೆಗಾಲದಲ್ಲಿ ಹಳ್ಳ ಏರಿ ದಂಡೆಯನ್ನು ಮುಳುಗಿಸಿ ಇಳಿಯುತ್ತಿತ್ತು. ಆದರೂ ಸಮಾಧಿ ನಿಂತಿತ್ತು.

ಊರು ಮುಂಬಯಿ ರಾಜ್ಯಕ್ಕೆ ಸೇರಿದ ಮರುವರ್ಷ ಅತ್ತೆ ಸೋಮವಾರದ ಪೂಜೆ ಹಿಡಿದಳು. ಲಿಂಗ ಕಟ್ಟಿದ ಕೂಸು, ಅದರ ಮೇಲೆ ಹೊಲಸು ಇರಬಾರದೆಂದು ಕೆರೆಯುವುದೂ ಶುರುವಾಯಿತು.

ಸುಮನಬಾಯಿಗೆ ಮಾತು ಕಡಿಮೆ, ನೋಡುವುದು ಹೆಚ್ಚು. ಹಾವಸೆಯ ಒಂದು ಪದರನ್ನು ಬಿಸಿಲಿಗೆ ಹಿಡಿದಳು. ಕೂದಲಿಗಿಂತ ಸಣ್ಣ ಎಳೆಗಳು. ಎಳೆ ಎಳೆಗೂ ಮಣ್ಣು ಅಂಟಿಕೊಂಡಿತ್ತು. ಕೆರೆಯದ ಕಡೆ ನೀರು ತಿಳಿಯಾಗಿ ಇಳಿಯುತ್ತಿತ್ತು, ಕೆರೆದ ಕಡೆ ರಾಡಿ.

ಒಂದು ಸಂಜೆ ರೊಟ್ಟಿ ಬಡಿಸುತ್ತ ಧೈರ್ಯ ಮಾಡಿದಳು.

"ಅತ್ತೀ, ಆ ಹಾವಸಿ ಮಣ್ಣ ಹಿಡಕೊಂಡದರಿ. ಕೆರದರ ದಂಡಿ ಕುಸೀತದ."

"ನೋಡಪಾ ಮನ್ಮಥ, ನಿನ್ನ ಹೇಣ್ತಿ ಇಂಜಿನೀರ್ ಆಗ್ಯಾಳ! ಹಡದ ತಾಯಿ, ಕೂಸಿನ ಮ್ಯಾಲ ಹೊಲಸ ಇರ್ಲಿ ಅಂತಾಳ."

ಗಂಡ ಮನ್ಮಥಪ್ಪ ನಕ್ಕ. "ಉಮರ್ಗಾದಾಗ ಹಳ್ಳಕ್ಕ ಅಡ್ಡ ಬಂಧಾರಾ ಕಟ್ಟಲಾಕ ಮಂದಿ ಬೇಕಂತ. ಇಕಿನ್ನ ಕಳಸ್ಲೇನು?"

ಸುಮನಬಾಯಿ ರೊಟ್ಟಿ ಬುಟ್ಟಿ ಮುಚ್ಚಿದಳು. ಮತ್ತೆ ಆ ಮಾತೆತ್ತಲಿಲ್ಲ. ಮರುದಿನ ಒಬ್ಬಳೇ ಹಳ್ಳಕ್ಕೆ ಹೋಗಿ, ಕೆರೆದ ಪದರನ್ನು ತಿರುಗಿ ಮಣ್ಣಿಗೆ ಒತ್ತಿ ನೋಡಿದಳು. ಅದು ಒಣಗಿ, ಹಪ್ಪಳದಂತೆ ಮುದುಡಿ, ಗಾಳಿಗೆ ಹಾರಿಹೋಯಿತು.

ಶ್ರಾವಣದಲ್ಲಿ ದೊಡ್ಡ ಮಳೆಯೇನೂ ಬರಲಿಲ್ಲ. ಏರಿ ಇಳಿದ ನೀರೇ ಸಾಕಾಯಿತು. ಸೋಮವಾರ ಪೂಜೆಗೆ ಹೋದಾಗ ಸಮಾಧಿಯಿದ್ದ ದಂಡೆಯೇ ಇರಲಿಲ್ಲ. ಗುರುತಿನ ಕಲ್ಲು ಹಳ್ಳದಲ್ಲಿ ಬೋರಲು ಬಿದ್ದಿತ್ತು. ಕೂಸಿಗೆ ಸುತ್ತಿದ ಅರಿವೆಯ ಚೂರೂ ಸಿಗಲಿಲ್ಲ. ಪಕ್ಕದಲ್ಲಿ ಯಾರೂ ಕೆರೆಯದ ದಂಡೆ ಹಸಿರು ಹೊದ್ದು ಹಾಗೇ ಇತ್ತು.

ಚಂಪಾಬಾಯಿ ಆ ಹಸಿರಿನ ಮೇಲೆ ಕುಕ್ಕರುಗಾಲಲ್ಲಿ ಕೂತು, "ಇಲ್ಲೇ ಇತ್ತು, ಇಲ್ಲೇ ಇತ್ತು" ಎನ್ನುತ್ತ ಕೆರೆಯತೊಡಗಿದಳು. ಕೆಳಗೆ ನೀರು ರಾಡಿಯಾಯಿತು.

"ಅತ್ತೀ, ಖುರ್ಪಿ ನನ್ನ ಕಡಿ ಕೊಡ್ರಿ," ಎಂದಳು ಸುಮನಬಾಯಿ.

ಖುರ್ಪಿ ನಿಲ್ಲಲಿಲ್ಲ. ಸುಮನಬಾಯಿ ಕೈ ಚಾಚಿಕೊಂಡೇ ನಿಂತಳು.

"ಖುರ್ಪಿ ಕೊಡ್ರಿ, ಅತ್ತೀ."