ಉಂಡದ್ದೊಂದು ಮನೆ, ಕರೆದದ್ದೊಂದು ಮನೆ

"ಚಪ್ಪಲಿ ಬಿಟ್ಟು ಒಳಗ ಬಾರೋ" ಎಂದು ದಾನಪ್ಪ ಎರಡು ಸಲ ಕರೆದರೂ ಗುರಲಿಂಗಪ್ಪ ಹೊಸ್ತಿಲ ಆಚೆಯೇ ನಿಂತಿದ್ದ. ಪರೇಲಿನ ಮಿಲ್ಲಿನಲ್ಲಿ ಇಬ್ಬರದೂ ಅಕ್ಕಪಕ್ಕದ ಮಗ್ಗ. ಅಂಥ ಗೆಳೆಯನ ಕಾಂದಿವಲಿ ಮನೆಗೆ ಮೊದಲ ಸಲ ಬಂದವನು ಬಾಳೆಹಣ್ಣಿನ ಪೊಟ್ಟಣ ಹಿಡಿದುಕೊಂಡು ಸಿಕ್ಕಿಬಿದ್ದ ಕಳ್ಳನ ಹಾಗೆ ಕಾಣುತ್ತಿದ್ದ. ಒಳಗೆ ದಾನಪ್ಪನ ಹೆಂಡತಿ ಕಾಶವ್ವ ಸ್ಟವ್ವಿಗೆ ಪಂಪು ಹೊಡೆಯುತ್ತಿದ್ದಳು. ಅಷ್ಟು ಜೋರಾಗಿ ಹೊಡೆಸಿಕೊಳ್ಳುವಂಥ ತಪ್ಪನ್ನು ಆ ಸ್ಟವ್ವು ಮಾಡಿರಲಿಲ್ಲ.

ನಿನ್ನೆ ಭಾವುಬೀಜ, ಅಕ್ಕತಂಗಿಯರು ಅಣ್ಣತಮ್ಮಂದಿರಿಗೆ ಆರತಿ ಬೆಳಗಿ ಉಣಬಡಿಸುವ ದಿನ. ಕಾಶವ್ವನ ಒಬ್ಬನೇ ತಮ್ಮ ಹೋದ ಬೇಸಿಗೆಯಲ್ಲಿ ಊರಲ್ಲಿ ತೀರಿಕೊಂಡಿದ್ದ. ಇನ್ನು ಆರತಿ ತಟ್ಟೆ ಮುಟ್ಟುವುದೇ ಇಲ್ಲ ಎಂದು ಕೂತವಳನ್ನು ದಾನಪ್ಪ, "ನಮ್ಮ ಗುರಲಿಂಗನ್ನ ಕರಿತೀನಿ, ಅವಗೂ ಅಕ್ಕ ಇಲ್ಲ" ಎಂದು ಪುಸಲಾಯಿಸಿ ಒಪ್ಪಿಸಿದ್ದ. ಹೋಳಿಗೆ ಮಾಡಿದಳು. ತಮ್ಮ ಉಣ್ಣದೆ ತಾನು ಉಣ್ಣಬಾರದೆಂದು ಕಾದಳು. ಹೊಸ ತಮ್ಮನ ಪತ್ತೆಯೇ ಇಲ್ಲ.

"ಬಂದಿದ್ದೆ ಅಕ್ಕಾರ" ಎಂದ ಗುರಲಿಂಗಪ್ಪ, ಗೋಡೆಗೆ ಹೇಳುವವನಂತೆ. "ಕೆಳಗ ‘ಕಾನಡಿ ಲೋಗ್ ಕಿಧರ್’ ಅಂತ ಕನ್ನಡದವರ ಮನಿ ಕೇಳಿದೆ. ಆಚಿ ಬಿಲ್ಡಿಂಗ್ ತೋರಿಸಿದ್ರು. ಹೆಣ್ಮಗಳೊಬ್ಬಾಕಿ ಬಾಗಲಾ ತಗದು, ‘ಬರ್ರಿ ಅಣ್ಣಾರ, ಅವರು ಈಗ ಬರ್ತಾರ, ಕೈಕಾಲು ತೊಳಕೊಳ್ರಿ’ ಅಂದು ತಾಟು ಇಟ್ಲು. ಆಕಿನ ನೀವು ಅಂತ ತಿಳಕೊಂಡೆ."

"ನೀ ಯಾರು ಅಂತ ಆಕಿ ಕೇಳಲಿಲ್ಲೇನೋ?" ಎಂದ ದಾನಪ್ಪ.

"ಮನಿಗೆ ಬಂದವರನ್ನ ಉಣ್ಣೂತನಾ ಹಂಗ ಯಾರು ಕೇಳ್ತಾರ? ನಾನೂ ಕೇಳ್ತಿದ್ದಿಲ್ಲ" ಎಂಬ ಮಾತು ಒಳಗಿನಿಂದ ಬಂತು. ಪಂಪಿನ ಸದ್ದು ನಿಂತಿತ್ತು.

"ಕಡೀ ತುತ್ತಿಗೆ ಗಂಡ ಬಂದ. ನೋಡಿದ್ರ ದಾನಪ್ಪಣ್ಣ ಅಲ್ಲ! ಯಾರೋ ಧಾರವಾಡದವರು. ನನ್ನ ಕಥಿ ಕೇಳಿ ನಕ್ಕು, ಮತ್ತ ಎರಡು ಉಂಡಿ ಹಾಕಿಸಿದ್ರು."

ದಾನಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. ಕಾಶವ್ವ ನಗಲಿಲ್ಲ. ಸೆರಗಿಗೆ ಕೈ ಒರೆಸುತ್ತ ಬಾಗಿಲಿಗೆ ಬಂದಳು.

"ಆಮ್ಯಾಲರೆ ಬರಬೇಕಿತ್ತಲ್ಲ?"

"ಕೆಳಗಿನ ತನಕ ಬಂದಿದ್ದೆ. ತುಂಬಿದ ಹೊಟ್ಟಿ ತಗೊಂಡು ಹೆಂಗ ಬರೋದು, ಉಣ್ಣಲಿಲ್ಲಂದ್ರ ನಿಮ್ಮ ಮನಸು ನೋಯ್ತದ ಅಂತ ತಿರುಗಿ ಹೋದೆ. ತಪ್ಪಾತು."

"ಉಣ್ಣಾಕಷ್ಟ ಕರದಿದ್ನೇನು ನಾ?" ಅವಳ ದನಿ ಒಡೆಯಿತು. "ಹೊಟ್ಟಿ ತುಂಬಿದ್ರ ತುಂಬಲಿ, ಮಣಿ ಮ್ಯಾಲ ಒಂದೀಟು ಕುಂತು ಹೋಗಿದ್ರ ಸಾಕಾಗಿತ್ತು. ಇವನೂ ಬರಲಿಲ್ಲ ಅಂತ..."

ಗುರಲಿಂಗಪ್ಪ ಚಪ್ಪಲಿ ಬಿಟ್ಟು ಒಳಗೆ ಬಂದು, ಹೇಳಿಸಿಕೊಳ್ಳದೆ ಮಣೆಯ ಮೇಲೆ ಕೂತ.

ಕಾಶವ್ವ ಆರತಿ ಬೆಳಗಿದಳು. ಕುಂಕುಮ ಹಚ್ಚುವಾಗ ಅದು ಮೂಗಿನ ತನಕ ಇಳಿಯಿತು. ಯಾರೂ ಒರೆಸಲು ಹೋಗಲಿಲ್ಲ.

ತಾಟಿನಲ್ಲಿ ಹೋಳಿಗೆ ಬಂತು. "ನೀವು ಉಂಡೀರೇನು ಅಕ್ಕಾರ?" ಎಂದು ಅವನು ಕೇಳಿದ. "ತಮ್ಮ ಉಣ್ಣದ ತಾ ಉಣ್ಣಂಗಿಲ್ಲಂತ ನಿನ್ನಿಯಿಂದ ಬರೇ ಚಹಾದ ಮ್ಯಾಲ ಅದಾಳ" ಎಂದ ದಾನಪ್ಪ.

ಅವಳ ನೇಮಕ್ಕೆಂದು ಗುರಲಿಂಗಪ್ಪ ಒಂದೇ ಒಂದು ತುತ್ತು ನುಂಗಿದ. ಕೈ ತೊಳೆದು ಎದ್ದ.

"ಕುಂದ್ರು ಅಕ್ಕಾ."

"ಏ, ನಾನ್ಯಾಕ..."

"ಕುಂದ್ರು ಅಂದ್ನಲ್ಲ!"

ಗಂಡಸರು ಬಡಿಸಿದ್ದನ್ನು ಹುಟ್ಟಿದಾಗಿನಿಂದ ಉಂಡವಳಲ್ಲ ಕಾಶವ್ವ. ನಾಚಿಕೊಂಡು, ಮೊಣಕಾಲು ಮಡಚಿ, ತನ್ನ ಮನೆಯಲ್ಲೇ ಹೊಸಬಳ ಹಾಗೆ ಮುದುಡಿ ಕೂತಳು. ಅವನು ಹೋಳಿಗೆ ಹಾಕಿದ, ಸುತ್ತೆಲ್ಲ ಚೆಲ್ಲುತ್ತ ತುಪ್ಪ ಸುರಿದ. ಅವಳು ತಲೆ ತಗ್ಗಿಸಿ ಉಂಡಳು. ಹಸಿದವರು ಉಣ್ಣುವ ಹಾಗೆ, ಬೇಗ ಬೇಗ.

"ಸಾಕೋ ತಮ್ಮಾ" ಎಂದು ತಾಟಿನ ಮೇಲೆ ಅಂಗೈ ಅಡ್ಡ ಹಿಡಿದಳು.

ಅವನು ಇನ್ನೊಂದು ಹೋಳಿಗೆ ಹಿಡಿದುಕೊಂಡು, ಅವಳು ಕೈ ತೆಗೆಯುವ ತನಕ ಬಗ್ಗಿಯೇ ನಿಂತ.