ಖಾಲಿ ಕೋಣೆಯ ಸದ್ದು

“ಭಾವ, ಇದು ಸಿಳ್ಳೆ ಹೊಡೀತಿದೆ” ಎಂದ ನನ್ನ ತಮ್ಮ, ಮೇಜಿನ ಕೆಳಗಿನಿಂದಲೇ.

“ಯಾವುದು?” ಎಂದರು ನಮ್ಮ ಯಜಮಾನರು.

“ಸ್ಪೀಕರ್ರು. ಸಣ್ಣಗೆ, ಸೊಳ್ಳೆ ಥರ. ಅಕ್ಕಾ, ನಿಂಗೂ ಕೇಳಿಸ್ತಿಲ್ವಾ?”

ಕೇಳಿಸುತ್ತಿತ್ತು. ನಾನು ಯಜಮಾನರ ಮುಖ ನೋಡಿದೆ.

ತಮ್ಮ ಒಂದೊಂದೇ ಭಾಗ ಹುಡುಕಿ ತಂದು ಜೋಡಿಸಿದ ಕಂಪ್ಯೂಟರ್ ಅದು. ಮೈಕಿನ ಧ್ವನಿಯನ್ನು ಅದರೊಳಕ್ಕೆ ದಾಟಿಸುವ ಇಂಟರ್‌ಫೇಸ್ ಪೆಟ್ಟಿಗೆಯನ್ನು ಅದರ ಬೆನ್ನಿಗೆ ಸಿಕ್ಕಿಸಿ ಭಾವ, ಮೈದುನ ಇಬ್ಬರೂ ಮಧ್ಯಾಹ್ನದಿಂದ ಗುದ್ದಾಡುತ್ತಿದ್ದರು. ಯಾವ ಹೊಸ ಸಾಮಾನು ಬಂದರೂ ಮೊದಲು ಖಾಲಿ ಕೋಣೆಯನ್ನು ರೆಕಾರ್ಡ್ ಮಾಡಿ, ಜೋರಾಗಿ ಹಾಕಿ ಕೇಳುವುದು ಯಜಮಾನರ ಪದ್ಧತಿ. ಖಾಲಿ ಅನ್ನುವುದು ಖಾಲಿಯಾಗಿಯೇ ಕೇಳಬೇಕು ಎನ್ನುತ್ತಾರೆ.

ಇವರು ಕೂದಲು ನೆರೆಯುವವರೆಗೆ ದುಡಿದ ಧ್ವನಿಮುದ್ರಣ ಸ್ಟುಡಿಯೋದಲ್ಲಿ ಮಾಲೀಕರು, “ಇತ್ತೀಚೆಗೆ ನಿಮ್ಮ ಕೈಯಿಂದ ಬಂದದ್ದೆಲ್ಲ ಕೀರಲಾಗಿ ಕೇಳ್ತಿದೆ, ಒಂದ್ಸಲ ಕಿವಿ ತೋರಿಸ್ಕೊಳ್ಳಿ” ಎಂದಿದ್ದರು. “ಮೊದ್ಲು ನಿಮ್ಮ ತುಕ್ಕು ಯಂತ್ರಗಳನ್ನ ತೋರಿಸ್ಕೊಳ್ಳಿ” ಎಂದು ಇವರು ಎದ್ದು ಬಂದರು. ಆಮೇಲೆ ಸಿಕ್ಕ ಮೊದಲ ಕೆಲಸ ಇದು. ನಾಳೆ ಒಬ್ಬ ನಟಿ ಬಂದು ನಮ್ಮ ಮಲಗುವ ಕೋಣೆಯಲ್ಲಿ ಕೂತು ಒಂದು ಪುಸ್ತಕವನ್ನು ಮೈಕಿಗೆ ಓದಬೇಕು. ಅವಳಿಗೆಂದು ಮಂಚ ಎತ್ತಿ, ಹೊರಗಿನ ಸದ್ದು ಬಾರದಂತೆ ಹಾಸಿಗೆಯನ್ನು ಕಿಟಕಿಗೆ ಒರಗಿಸಿದ್ದೆವು.

“ಗ್ರಾಫಿಕ್ಸ್ ಕಾರ್ಡಿನ ಕಿರಿಕಿರಿ ಇದು, ಪೆಟ್ಟಿಗೆಗೂ ನುಗ್ತಿದೆ” ಎಂದ ತಮ್ಮ ಎದ್ದು ಕೂತು. “ಗ್ರಾಫ್ ನೋಡಿ. ಬಲತುದೀಲಿ, ಕೀರಲು ಸದ್ದಿನ ಜಾಗದಲ್ಲಿ, ಕಡ್ಡಿ ನೆಟ್ಟ ಹಾಗೆ ನಿಂತಿದೆ.”

“ಮುಚ್ಚೋ ಅದನ್ನ. ಕಣ್ಣಲ್ಲಿ ಕೇಳೋರು ಬೇರೆ ಕಸುಬು ಹುಡುಕ್ಕೊಳ್ಳಲಿ. ತಂತಿ ಬದಲಾಯಿಸು.”

ಬದಲಾಯಿಸಿದ. ಬೇರೆ ಕಿಂಡಿಗೆ ಹಾಕಿದ. ಪ್ರತಿ ಸಲವೂ ಇವರು ಕಣ್ಣು ಮುಚ್ಚಿ ಕೇಳುವರು, ಕಣ್ಣು ಬಿಟ್ಟು ನನ್ನ ಮುಖ ನೋಡುವರು. ನನಗೆ ಥರ್ಮಾಮೀಟರ್ ನೆನಪಾಯಿತು. ಇವರಿಗೆ ಜ್ವರ ಬಂದಾಗ ಅದು ಕೀಕ್ ಕೀಕ್ ಎಂದು ಸುಮ್ಮನಾದ ಮೇಲೂ ಬಾಯಲ್ಲಿಟ್ಟುಕೊಂಡೇ ಕೂತಿದ್ದರು. ಬ್ಯಾಟರಿ ಸತ್ತಿದೆ ಎಂದಿದ್ದರು. ನಾನೂ ಹೌದೆಂದಿದ್ದೆ.

“ಒಳಗಿನ ರೋಗ ಭಾವ. ಕಾರ್ಡೇ ಬದಲಾಯಿಸ್ಬೇಕು.”

“ಆಟಿಕೆ ಜೋಡಿಸೋನ ಕೈಲಿ ಸ್ಟುಡಿಯೋ ಕಟ್ಟಿಸ್ದೆ ನೋಡು, ನನ್ನ ಬುದ್ಧಿಗೆ ಹೇಳ್ಬೇಕು.”

“ಆಟಿಕೇನೇ ಅನ್ನಿ. ನಿಮಗೆ ಸಿಳ್ಳೆ ಕೇಳಿಸ್ತಿದೆಯಾ ಇಲ್ವಾ, ಅಷ್ಟು ಹೇಳಿ.”

ನಾನು ತಮ್ಮನ ಪಾದವನ್ನು ಮೆತ್ತಗೆ ತುಳಿದೆ. ಅವನು ನನ್ನನ್ನು ನೋಡಿದ. ಮತ್ತೆ ಮೇಜಿನ ಕೆಳಗೆ ತೂರಿ, ಇದ್ದ ತಂತಿಯನ್ನೇ ಕಿತ್ತು, ಅಲ್ಲಿಗೇ ಸಿಕ್ಕಿಸಿದ.

“ಈಗ?”

“ಹಾಂ, ಈಗ ಹೋಯ್ತು ನೋಡು” ಎಂದರು ಯಜಮಾನರು. “ಏನೇ, ಹೋಯ್ತಲ್ವಾ?”

“ಹೋಯ್ತು ರೀ.”

ಅವರು ತಲೆಯಾಡಿಸಿದರು. ಆಮೇಲೆ ಮುಚ್ಚಿಸಿದ್ದ ಗ್ರಾಫನ್ನು ತಾವೇ ತೆರೆದರು. ಬಲತುದಿಯ ಕಡ್ಡಿ ಒಂದಿಷ್ಟೂ ಕುಗ್ಗದೆ ನಿಂತಿತ್ತು. ಬಯ್ಯುತ್ತಾರೆ ಎಂದುಕೊಂಡೆ. ಬಯ್ಯಲಿಲ್ಲ. ಸ್ಪೀಕರಿನ ಸದ್ದು ಏರಿಸುವ ಗುಂಡಿಗೆ ಕೈಯಿಟ್ಟು, ಕಣ್ಣನ್ನು ನನ್ನ ಮುಖದ ಮೇಲಿಟ್ಟು, ಮೆಲ್ಲಗೆ ತಿರುಗಿಸುತ್ತಾ ಹೋದರು. ಸಿಳ್ಳೆ ಕಿವಿ ಕೊರೆಯತೊಡಗಿತು. ತಡೆದೆ, ಹಲ್ಲು ಕಚ್ಚಿ ತಡೆದೆ. ಕೊನೆಗೆ ನನ್ನ ಕೈಗಳು ತಾವಾಗಿಯೇ ಎದ್ದು ಕಿವಿ ಮುಚ್ಚಿಕೊಂಡವು.